ಸಾರಿ-ಬೆಲ್ ಘಾಟಿಯ ಚೀಟಿ

ಕರಾಕೋಲ್ ಪಟ್ಟಣದ ಶಾಲೆಯೊಂದರ ಭೂಗೋಳದ ಕೋಣೆಗೆ ಹೋದವರ ಕಣ್ಣು ಮೊದಲು ಬೀಳುವುದು ಭೂಪಟದ ಮೇಲಲ್ಲ, ಕಿಟಕಿಯ ಪಕ್ಕದ ಗಾಜಿನ ಕಪಾಟಿನ ಮೇಲೆ. ಅದರೊಳಗೆ ಸಾಲಾಗಿ ಚೀಟಿಗಳನ್ನು ಅಂಟಿಸಿದ್ದಾರೆ. ಕೆಲವು ಪೆನ್ಸಿಲಿನಲ್ಲಿ ಬರೆದವು, ಕೆಲವು ಸಿಗರೇಟು ಪ್ಯಾಕಿನ ಒಳಕಾಗದದ ಮೇಲಿನವು, ಒಂದಂತೂ ಹೊಟ್ಟೆನೋವಿನ ಮಾತ್ರೆಯ ಪೊಟ್ಟಣದ ಹಿಂಬದಿಯಲ್ಲಿದೆ. ಒಂದೊಂದೂ ಒಂದೊಂದು ಘಾಟಿಯ ನೆತ್ತಿಯಿಂದ ಇಳಿದು ಬಂದದ್ದು. ಘಾಟಿಯ ನೆತ್ತಿಯಲ್ಲಿ ಕಲ್ಲುಗುಪ್ಪೆ ಇರುತ್ತದೆ, ಗುಪ್ಪೆಯೊಳಗೆ ಡಬ್ಬಿ, ಡಬ್ಬಿಯೊಳಗೆ ಮುಂಚೆ ಬಂದ ತಂಡದ ಚೀಟಿ. ಘಾಟಿಯ ಹೆಸರು, ತಾರೀಖು, ತಂಡದವರ ಹೆಸರು, ಆಚೆ ಕಡೆ ಇಳಿಯುವ ದಾರಿ ಹೇಗಿದೆ ಎಂಬ ಒಂದು ಸಾಲು. ಅವರ ಚೀಟಿಯನ್ನು ತೆಗೆದುಕೊಂಡು ತಮ್ಮದನ್ನು ಇಟ್ಟು ಇಳಿಯುವುದು ಬೆಟ್ಟ ಹತ್ತುವವರ ಪದ್ಧತಿ. ಹತ್ತಿದ್ದಕ್ಕೆ ಆ ಚೀಟಿಯೇ ಸಾಕ್ಷಿ. ಊರಿನಲ್ಲಿ ಹಾಲಿನವನನ್ನು ನಂಬದ, ರೇಡಿಯೋದ ಹವಾಮಾನ ವರದಿಯನ್ನು ನಂಬದ, ಗಂಡನನ್ನಂತೂ ಮೊದಲೇ ನಂಬದ ಹೆಂಗಸರು ಕೂಡ ಡಬ್ಬಿಯಲ್ಲಿ ಸಿಕ್ಕ ಚೀಟಿಯನ್ನು ಕಣ್ಣು ಮುಚ್ಚಿ ನಂಬುತ್ತಾರೆ. ಅಷ್ಟು ಎತ್ತರಕ್ಕೆ ಹೋಗಿ ಯಾರಾದರೂ ಸುಳ್ಳು ಬರೆಯುತ್ತಾರೆಯೇ?

ಬುರುಲ್ಚಾ ಬರೆದಿದ್ದಳು. ಹದಿನಾರನೆಯ ವಯಸ್ಸಿನಲ್ಲಿ, ಒಂದೇ ಒಂದು ಸಲ. ಆ ಕಪಾಟನ್ನು ಮಾಡಿಸಿದವಳೂ ಅವಳೇ.

ಈಗ ನಲವತ್ತೈದು ವರ್ಷದ ಬುರುಲ್ಚಾ ಅದೇ ಶಾಲೆಯ ಭೂಗೋಳದ ಟೀಚರು. ಮಕ್ಕಳ ಬಾಯಲ್ಲಿ ಎಜೆ, ಅಂದರೆ ಅಕ್ಕ. ಕುಳ್ಳಗೆ, ಗಟ್ಟಿಮುಟ್ಟಾಗಿ, ಬಿಸಿಲಿಗೆ ಸುಟ್ಟು ಸುಲಿದ ಮೂಗಿನ ಹೆಂಗಸು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಬೇಸಿಗೆಯಲ್ಲೂ ಮಕ್ಕಳನ್ನು ಕಟ್ಟಿಕೊಂಡು ಬೆಟ್ಟಕ್ಕೆ ಹೋಗುತ್ತಾಳೆ. ಪಾಠ ಮಾಡುವಾಗ ಹಿಮನದಿ ಎಂಬ ಮಾತು ಬಂದರೆ ಸಾಕು, ಪುಸ್ತಕ ಮಡಚಿಟ್ಟು ಕಿಟಕಿಯ ಕಡೆ ತಿರುಗುತ್ತಾಳೆ. "ಅದನ್ನ ಓದೋದಲ್ಲ ಕಣ್ರೋ, ಅದರ ಮೇಲೆ ಕೂತ್ಕೊಂಡು ಚಾ ಕುಡೀಬೇಕು. ಆಗ ಗೊತ್ತಾಗತ್ತೆ ಅದು ಏನು ಅಂತ. ಕೆಳಗಡೆ ಅದು ಗೊಣಗ್ತಾ ಇರತ್ತೆ, ನಿಮ್ಮಜ್ಜಿ ಥರ." ಆ ಮಾತಿಗೇ ಎಷ್ಟು ಮಕ್ಕಳು ಕೆಟ್ಟರೋ. ಗಣಿತದಲ್ಲಿ ಸೊನ್ನೆ ತಂದವನು ನಕ್ಷೆ ಓದುವುದರಲ್ಲಿ ಪಂಡಿತನಾದ. ಮನೆಯಲ್ಲಿ ಚಮಚ ತೊಳೆಯದ ಹುಡುಗಿ ಮೂರು ಸಾವಿರ ಮೀಟರ್ ಎತ್ತರದಲ್ಲಿ ಏಳು ಜನಕ್ಕೆ ಗಂಜಿ ಬೇಯಿಸಿದಳು. ತಾಯಂದಿರು ಬೈದುಕೊಂಡೇ ಬೂಟು ಹೊಂದಿಸಿಕೊಡುತ್ತಿದ್ದರು.

ಅವಳಿಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ ಎಂದು ಊರು ಹೇಳುತ್ತಿತ್ತು. ಊರಿಗೇನು ಗೊತ್ತು! ಜೂನ್ ಬಂತೆಂದರೆ ಬುರುಲ್ಚಾಳಿಗೆ ಅನ್ನ ಸೇರುತ್ತಿರಲಿಲ್ಲ. ನಡೆಯುವಾಗ ಐದು ನಿಮಿಷಕ್ಕೊಮ್ಮೆ ತಲೆ ಎಣಿಸುತ್ತಿದ್ದಳು. ಒಂದು ಕಲ್ಲು ಉರುಳಿದ ಸದ್ದಾದರೆ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಹೊರಡುವ ದಿನ ಪ್ರತಿ ಮನೆಯಲ್ಲೂ ಮಗುವಿನ ಬಾಯಿಗೆ ರೊಟ್ಟಿ ಹಿಡಿದು ಒಂದು ತುತ್ತು ಕಚ್ಚಿಸಿ, ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿ ಗೋಡೆಯ ಗೂಟಕ್ಕೆ ತೂಗುಹಾಕುತ್ತಾರೆ. ಹೋದವರು ಬಂದು ಅದನ್ನು ತಿಂದು ಮುಗಿಸಬೇಕು. ಎಷ್ಟು ಮಕ್ಕಳೋ ಅಷ್ಟು ಮನೆ, ಅಷ್ಟು ಕಚ್ಚಿದ ರೊಟ್ಟಿ. ಬುರುಲ್ಚಾ ಬೆಟ್ಟದಲ್ಲಿ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಆ ರೊಟ್ಟಿಗಳೇ.

ಈ ಹೆದರಿಕೆಯ ಬೇರು ಸಾರಿ-ಬೆಲ್ ಘಾಟಿಯಲ್ಲಿತ್ತು. 1977ರ ಆಗಸ್ಟಿನಲ್ಲಿ ಅವಳ ಶಾಲೆಯ ತಂಡ ಅಲ್ಲಿಗೆ ಹೋಗಿತ್ತು. ನೆತ್ತಿ ಇನ್ನೊಂದು ಗಂಟೆಯ ದಾರಿ ಇರುವಾಗ ಒಬ್ಬ ಹುಡುಗನಿಗೆ ತುತೆಕ್ ಹತ್ತಿತು. ಎತ್ತರದ ಗಾಳಿಯ ಆ ಕಾಯಿಲೆ ಹತ್ತಿದರೆ ತಲೆ ಸಿಡಿಯುತ್ತದೆ, ನೀರು ಕುಡಿದರೂ ವಾಂತಿಯಾಗುತ್ತದೆ. ಮೇಷ್ಟ್ರು ಅವನನ್ನು ಮಡಿಲಲ್ಲಿ ಮಲಗಿಸಿಕೊಂಡು, "ಗಟ್ಟಿ ಇರೋರು ಇಬ್ಬರು ಹೋಗಿ ಚೀಟಿ ಬದಲಾಯಿಸ್ಕೊಂಡು ಬನ್ನಿ. ಆಮೇಲೆ ಎಲ್ಲರೂ ವಾಪಸ್ ಇಳಿಯೋಣ" ಎಂದರು. ಬುರುಲ್ಚಾ ಗೆಳತಿಯೊಬ್ಬಳನ್ನು ಕರೆದುಕೊಂಡು ಹೊರಟಳು. ಮಂಜು ಕವಿಯಿತು. ಗೆಳತಿ ಒಂದು ಬಂಡೆಯನ್ನು ತಬ್ಬಿ ಕುಳಿತು ಮುಂದೆ ಬರಲೊಲ್ಲೆನೆಂದಳು. ಬುರುಲ್ಚಾ ಒಬ್ಬಳೇ ಹತ್ತಿದಳು. ಬೆಟ್ಟದ ಬೆನ್ನು ತಗ್ಗಾದ ಜಾಗವೊಂದು ಸಿಕ್ಕಿತು. ಅಲ್ಲಿ ಕಲ್ಲುಗುಪ್ಪೆ ಇರಲಿಲ್ಲ, ಡಬ್ಬಿ ಇರಲಿಲ್ಲ. ಇದು ಘಾಟಿಯಲ್ಲ ಎಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಮತ್ತೆ ಇಳಿದು, ದಾರಿಯಲ್ಲಿ ಸಿಕ್ಕಿದ್ದ ದೊಡ್ಡ ಕರಿಬಂಡೆಯನ್ನು ಬಳಸಿ, ಬಲಕ್ಕೆ ಹುಡುಕಿಕೊಂಡು ಹೋಗುವ ಧೈರ್ಯವಿರಲಿಲ್ಲ. ಗಾಳಿ ಕಿವಿಯಲ್ಲಿ ಕೂಗುತ್ತಿತ್ತು. ಅವಳು ಅಳುತ್ತಾ ಕಲ್ಲು ಒಟ್ಟಿದಳು. ಗಟ್ಟಿಹಾಲಿನ ಖಾಲಿ ಡಬ್ಬಿಯೊಳಗೆ ಇಡಲು, ಮೇಷ್ಟ್ರು ಕೊಟ್ಟಿದ್ದ ಕಾಗದದ ಮೇಲೆ 'ಸಾರಿ-ಬೆಲ್ ಘಾಟಿ' ಎಂದು ಬರೆದಳು. ಇಳಿಯುವ ದಾರಿಯ ಸಾಲೂ ಬೇಕಲ್ಲ? ಬೆಳಿಗ್ಗೆ ಮೇಷ್ಟ್ರು ದಾರಿಪುಸ್ತಕದಿಂದ ಓದಿ ಹೇಳಿದ್ದನ್ನೇ ಸೇರಿಸಿದಳು: 'ಆಚೆ ಇಳಿಜಾರು ಸುಲಭ, ಸಡಿಲ ಕಲ್ಲು, ಹಗ್ಗ ಬೇಡ.'

ಕೆಳಗೆ ಬಂದು, ಅಲ್ಲಿದ್ದ ಹಳೆಯ ಚೀಟಿ ನೀರು ಕುಡಿದು ಮುದ್ದೆಯಾಗಿತ್ತು ಎಂದಳು. ಮೇಷ್ಟ್ರು ಬೆನ್ನು ತಟ್ಟಿದರು. ಶರತ್ಕಾಲದಲ್ಲಿ ಶಾಲೆಯ ವೇದಿಕೆಯ ಮೇಲೆ ಅವಳ ಎದೆಗೆ ಬಿಲ್ಲೆ ಚುಚ್ಚಿದರು.

ನಾಲ್ಕು ವರ್ಷದ ನಂತರ ಕಾಲೇಜಿನ ತಂಡದೊಂದಿಗೆ ಬೆಟ್ಟದ ಆಚೆ ಬದಿಯ ಕಣಿವೆಯಲ್ಲಿ ನಡೆಯುವಾಗ ಬುರುಲ್ಚಾ ತಲೆಯೆತ್ತಿ ನೋಡಿದಳು. ಕರಿಬಂಡೆಯ ಒಂದು ಪಕ್ಕ ಸಾರಿ-ಬೆಲ್, ಅದರಿಂದ ಸಡಿಲ ಕಲ್ಲಿನ ದಾರಿ ಸಾಧುವಾಗಿ ಇಳಿದಿತ್ತು. ಇನ್ನೊಂದು ಪಕ್ಕ ಅವಳ ತಗ್ಗು. ಅದರ ಅಂಚಿನಿಂದ ಗಾಳಿ ಕಟ್ಟಿದ ಹಿಮ ಮನೆಯ ಸೂರಿನ ಹಾಗೆ ಶೂನ್ಯಕ್ಕೆ ಚಾಚಿಕೊಂಡಿತ್ತು. ಸೂರಿನ ಕೆಳಗೆ ಇನ್ನೂರು ಮೀಟರಿನ ಗೋಡೆ. ಅವಳು ಅಲ್ಲೇ ಹುಲ್ಲಿನ ಮೇಲೆ ಕುಳಿತಳು. ಜೊತೆಯವರು ಹಸಿವಿರಬೇಕೆಂದು ಒಣಮೊಸರಿನ ಉಂಡೆ ಕೊಟ್ಟರು.

ಹೋಗಿ ಆ ಡಬ್ಬಿಯನ್ನು ಕಿತ್ತು ತರಬಹುದಿತ್ತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅರ್ಧ ದಾರಿಯವರೆಗೆ ಹೋಗಿಯೂ ಇದ್ದಳು. ಕಲ್ಲು ಬಿದ್ದವು, ಹೆದರಿ ತಿರುಗಿ ಬಂದಳು. ಮುಂದಿನ ವರ್ಷ ಎಂದುಕೊಂಡಳು. ಮದುವೆ, ಮಗಳು, ಗಂಡನ ಕಾಯಿಲೆ, ಗಂಡನ ಸಾವು, ಪ್ರತಿ ವರ್ಷಕ್ಕೂ ಒಂದು ಮುಂದಿನ ವರ್ಷ ಇದ್ದೇ ಇತ್ತು. ಯಾರಿಗೂ ಹೇಳಲಿಲ್ಲ. ಮಕ್ಕಳನ್ನು ಆ ಕಡೆ ಕರೆದುಕೊಂಡೂ ಹೋಗಲಿಲ್ಲ. ಕೇಳಿದವರಿಗೆ, "ಆ ಕಡೆ ಬಂಡೆ ಎಲ್ಲಾ ಕೊಳೆತಿದೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

2006ರ ಆಗಸ್ಟಿನಲ್ಲಿ ಆರು ಮಕ್ಕಳು ಹೊರಟರು. ಜೊತೆಗೆ ಮೆದೆರ್. ಅವನು ಅವಳ ಹಳೆಯ ಶಿಷ್ಯ, ಈಗ ಅದೇ ಶಾಲೆಯ ವ್ಯಾಯಾಮದ ಮೇಷ್ಟ್ರು. ಹಿಂದಿನ ಚಳಿಗಾಲದಲ್ಲಿ ಸಂತೆಯ ಮಂಜುಗಡ್ಡೆಯ ಮೇಲೆ ಜಾರಿ ಬುರುಲ್ಚಾಳ ಎಡಮಂಡಿ ಕೆಟ್ಟಿದ್ದರಿಂದ ಮುಂದೆ ನಡೆಯುವ ಕೆಲಸ ಅವನದು, ಹಿಂದೆ ಬರುವುದು ಅವಳದು ಎಂದು ತೀರ್ಮಾನವಾಗಿತ್ತು. ಮಕ್ಕಳಲ್ಲಿ ಹದಿನೈದರ ಬೆರ್ಮೆತ್ ಎಲ್ಲರಿಗಿಂತ ಚುರುಕು. ಎಜೆಯ ನಡಿಗೆ, ಎಜೆಯ ಗಂಟು, ಎಜೆ ಟೋಪಿ ಕಟ್ಟುವ ರೀತಿ, ಎಲ್ಲವನ್ನೂ ಕದ್ದು ಕಲಿತ ಹುಡುಗಿ. ಅವಳ ಅಜ್ಜಿ ರೊಟ್ಟಿ ಕಚ್ಚಿಸುವಾಗ ಬುರುಲ್ಚಾಳ ಕೈ ಹಿಡಿದು, "ಇವಳಪ್ಪ ರಷ್ಯಾದಲ್ಲಿ, ಅಮ್ಮನೂ ಅಲ್ಲೇ. ನನ್ನ ಹತ್ರ ಇರೋದು ಇವಳೊಬ್ಬಳೇ. ನೀನಿದ್ದೀಯ ಅಂತ ಕಳಿಸ್ತಿದೀನಿ ಮಗಳೇ" ಎಂದಿದ್ದಳು.

ಮೂರನೆಯ ದಿನ ಹೊಳೆಯ ಸೇತುವೆ ಇರಲಿಲ್ಲ. ಸೇತುವೆಯೆಂದರೆ ಎರಡು ಮರದ ದಿಮ್ಮಿ, ಎರಡನ್ನೂ ನೀರು ಹೊತ್ತುಕೊಂಡು ಹೋಗಿತ್ತು. ಅಂದುಕೊಂಡಿದ್ದ ಘಾಟಿಗೆ ದಾರಿ ಮುಗಿಯಿತು. ಬಂದ ದಾರಿಯಲ್ಲಿ ವಾಪಸ್ ಹೋಗಬೇಕು, ಇಲ್ಲವೇ ಇದೇ ದಡದಿಂದ ಸಾರಿ-ಬೆಲ್ ಹತ್ತಬೇಕು. ಮೆದೆರ್ ನಕ್ಷೆ ಹರಡಿ ಹುರುಪಿನಿಂದ ಹೇಳಿದ, "ಎಜೆ, ನಿಮ್ಮ ಮೊದಲನೇ ಘಾಟಿ! ನಿಮ್ಮ ಬಿಲ್ಲೆ! ಇವರಿಗೂ ಅದೇ ಮೊದಲನೇದಾಗಲಿ."

"ಬಂಡೆ ಕೊಳೆತಿದೆ ಕಣೋ."

"ಹೋದ ವರ್ಷ ಪಕ್ಕದ ಊರಿನವರು ಹೋಗಿ ಬಂದ್ರಲ್ಲ ಎಜೆ. ಏನೂ ಆಗಿಲ್ಲ."

"ನೀವು ಹದಿನಾರಕ್ಕೇ ಹತ್ತಿದೀರಿ. ನಮ್ಮನ್ನ ಮಾತ್ರ ಕುರಿಮರಿ ಥರ ವಾಪಸ್ ಓಡಿಸ್ತೀರಾ?" ಎಂದಳು ಬೆರ್ಮೆತ್.

"ನಾನು ಕುರಿಮರಿನೇ. ನನಗೇನೂ ನಾಚಿಕೆ ಇಲ್ಲ," ಎಂದ ತಾಲಾಯ್, ತಂಡದ ತಮಾಷೆಯ ಹುಡುಗ. ಎಲ್ಲರೂ ನಕ್ಕರು.

ಬುರುಲ್ಚಾ ಬೇಡವೆನ್ನಬಹುದಿತ್ತು. ಬೇಡವೆಂದರೆ ಯಾಕೆಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಆ ಕಪಾಟು, ಆ ಬಿಲ್ಲೆ, ಇಪ್ಪತ್ತೆರಡು ವರ್ಷದ ಎಜೆ, ಎಲ್ಲವೂ ಒಂದೇ ಮಾತಿಗೆ ಹೋಗುತ್ತದೆ. ನಿಜವಾದ ಘಾಟಿ ಎಲ್ಲಿದೆಯೆಂದು ಈಗ ನನಗೆ ಗೊತ್ತಲ್ಲ, ಬಲಕ್ಕೆ ಹೋದರೆ ಆಯಿತು ಎಂದು ತನ್ನನ್ನು ತಾನೇ ನಂಬಿಸಿಕೊಂಡಳು. ಮೆದೆರ್‌ನನ್ನು ಪಕ್ಕಕ್ಕೆ ಕರೆದು ಮೂರು ಸಲ ಹೇಳಿದಳು, "ಕರಿಬಂಡೆ ಸಿಗತ್ತೆ. ಅದರ ಬಲಕ್ಕೇ ಹೋಗು. ಎಡಕ್ಕೆ ಕಾಲಿಟ್ಟೀಯ ಜೋಕೆ."

"ಆಯ್ತು ಎಜೆ, ಬಲಕ್ಕೆ. ಬರೆದುಕೊಡ್ಲಾ?"

ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಹತ್ತು ಗಂಟೆಯ ಹೊತ್ತಿಗೆ ಕೆಳಗಿನ ಕಣಿವೆಯಿಂದ ಮೋಡ ಹತ್ತತೊಡಗಿತು. ಬುರುಲ್ಚಾಳ ಮಂಡಿ ಊದಿಕೊಂಡಿತ್ತು. ಅವಳ ಹಿಂದೆ ಯಾರೂ ಇಲ್ಲ, ಮುಂದೆ ತಾಲಾಯ್, ಅವನ ಮುಂದೆ ಉಳಿದವರು. ಐದು ನಿಮಿಷಕ್ಕೊಮ್ಮೆ ಎಣಿಸಿದಳು: ಏಳು. ಮತ್ತೆ ಏಳು. ಆಮೇಲೆ ಮಂಜು ಬಂತು. ಐವರಾದರು. ಮೂವರಾದರು. ಕಡೆಗೆ ತಾಲಾಯ್‌ನ ಹಸಿರು ಚೀಲ ಮಾತ್ರ ಉಳಿಯಿತು.

"ತಾಲಾಯ್, ಮುಂದಿನವರನ್ನ ನಿಲ್ಲಿಸು! ಕೂಗು!"

ತಾಲಾಯ್ ಕೂಗಿದ. ಮೇಲಿನಿಂದ ಉತ್ತರ ಬಂತು, ಆದರೆ ಅದು ನಿಲ್ಲುವವರ ಉತ್ತರವಲ್ಲ, ಸಂತೋಷದ ಕೇಕೆ. ಕೇಕೆ ಎಡಗಡೆಯಿಂದ ಬಂತು.

ಬುರುಲ್ಚಾ ಅವನ ಚೀಲ ಹಿಡಿದು ನಿಲ್ಲಿಸಿದಳು.

"ಎಡಕ್ಕೆ ಯಾಕೋ ಹೋದ್ರು? ಬಲಕ್ಕೆ ಅಂದಿದ್ದೆನಲ್ಲ!"

"ಮೇಲೆ ಕಲ್ಲುಗುಪ್ಪೆ ಕಾಣಿಸ್ತಂತೆ ಎಜೆ, ಆಗಲೇ ಮುಂದಿನವರು ಹೇಳ್ಕೊಂಡು ಹೋದ್ರು. ಮಂಜು ಒಂದು ನಿಮಿಷ ಹರಿದಾಗ ಬೆರ್ಮೆತ್ ನೋಡಿದಳಂತೆ. ಗುಪ್ಪೆ ಇದ್ದ ಮೇಲೆ ಘಾಟಿ ಅದೇ ತಾನೇ?"

ಅದೇ ತಾನೇ. ಗುಪ್ಪೆ ಕಂಡ ಕಡೆ ಹೋಗಬೇಕೆಂದು ಅವರಿಗೆ ಕಲಿಸಿದವಳು ಅವಳೇ. ನಕ್ಷೆ ತಪ್ಪಬಹುದು, ಮೇಷ್ಟ್ರು ತಪ್ಪಬಹುದು, ಹತ್ತಿ ಬಂದವರು ಒಟ್ಟಿದ ಕಲ್ಲು ತಪ್ಪುವುದಿಲ್ಲ ಎಂದು ಎಷ್ಟು ಸಲ ಹೇಳಿರಲಿಲ್ಲ! ಮೆದೆರ್ ಹುಡುಗನಾಗಿದ್ದಾಗಲೇ ಅದನ್ನು ಉರುಹೊಡೆದಿದ್ದ. ಬರೀ ಬಲಕ್ಕೆ ಎಂಬ ಅವಳ ಒಂದು ಮಾತಿಗಿಂತ ಅವನಿಗೆ ಆ ಗುಪ್ಪೆ ದೊಡ್ಡದಾಯಿತು.

ಬುರುಲ್ಚಾ ತಾಲಾಯ್‌ನನ್ನು ದಾಟಿ ಹತ್ತಿದಳು. ಮಂಡಿ ಇದೆಯೋ ಇಲ್ಲವೋ ತಿಳಿಯಲಿಲ್ಲ. ಎರಡು ಕೈಯಿಂದ ಕಲ್ಲು ಹಿಡಿದು ಹತ್ತಿದಳು. ಉಗುರು ಕಿತ್ತುಬಂತು. ಕೂಗಿದರೆ ಗಾಳಿ ಅದನ್ನು ಹಿಂದಕ್ಕೇ ಎಸೆಯುತ್ತಿತ್ತು. ದೇವರೇ, ಅವರು ಡಬ್ಬಿ ಹುಡುಕುವಷ್ಟು ಹೊತ್ತು ಅಲ್ಲೇ ಇರಲಿ ಎಂದುಕೊಂಡಳು. ಮರುಗಳಿಗೆಗೆ, ಆ ಡಬ್ಬಿ ಸಿಗದಿರಲಿ, ತುಕ್ಕು ಹಿಡಿದು ಪುಡಿಯಾಗಿರಲಿ ಎಂದು ಬೇಡಿಕೊಂಡಳು. ಎರಡನ್ನೂ ಒಟ್ಟಿಗೆ ಬೇಡಿಕೊಂಡರೆ ದೇವರಾದರೂ ಏನು ಮಾಡಬೇಕು?

ನೆತ್ತಿ ತಲುಪಿದಾಗ ಮೆದೆರ್ ಮತ್ತು ನಾಲ್ವರು ಮಕ್ಕಳು ಗುಪ್ಪೆಯ ಸುತ್ತ ಕುಳಿತಿದ್ದರು. ಮೆದೆರ್‌ನ ಕೈಯಲ್ಲಿ ತುಕ್ಕು ಹಿಡಿದ ಡಬ್ಬಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಕಾಗದ ಹಳದಿಯಾಗಿತ್ತು, ಪೆನ್ಸಿಲಿನ ಅಕ್ಷರ ಮಾತ್ರ ನಿನ್ನೆ ಬರೆದಂತಿತ್ತು. ಅವನ ಕಣ್ಣಲ್ಲಿ ನೀರು.

"ಎಜೆ! ನಿಮ್ಮ ಚೀಟಿ! ಇಪ್ಪತ್ತೊಂಬತ್ತು ವರ್ಷ! ಯಾರೂ ಮುಟ್ಟಿಲ್ಲ ನೋಡಿ, ನಮಗೋಸ್ಕರನೇ ಕಾದಿದೆ!"

"ಬೆರ್ಮೆತ್ ಎಲ್ಲಿ?"

"ದಾರಿ ನೋಡ್ತಿದಾಳೆ. ಇಳಿಜಾರು ಸುಲಭ, ಹಗ್ಗ ಬೇಡ ಅಂತ ನೀವೇ ಬರೆದಿದೀರಲ್ಲ."

ಮಂಜಿನೊಳಗೆ, ಗುಪ್ಪೆಯಿಂದ ಹದಿನೈದು ಹೆಜ್ಜೆ ಆಚೆ, ಬಿಳಿಯ ಮೇಲೆ ಒಂದು ಕೆಂಪು ಟೋಪಿ ಕಾಣಿಸಿತು. ಹಿಮದ ಮೇಲೆ ಅಲ್ಲಿಯವರೆಗೆ ಸಾಲಾಗಿ ಹೆಜ್ಜೆಗುರುತು. ಕಲ್ಲು ಮುಗಿದು ಸೂರು ಶುರುವಾಗುವುದು ಎಲ್ಲಿ ಎಂದು ಬುರುಲ್ಚಾಳಿಗೆ ಗೊತ್ತಿತ್ತು. ಕೆಳಗಿನಿಂದ ನೋಡಿದ್ದಳಲ್ಲ. ಆ ಹುಡುಗಿ ಕಾಲ ಕೆಳಗೆ ಏನೂ ಇಲ್ಲದ ಜಾಗದಲ್ಲಿ ನಿಂತಿದ್ದಳು.

ಓಡಿಹೋಗಿ ಹಿಡಿಯೋಣವೆಂದರೆ ಎರಡು ಮೈಯ ಭಾರಕ್ಕೆ ಹಿಮ ಮುರಿಯುತ್ತದೆ. ಕಿರುಚಿದರೆ ಹುಡುಗಿ ಬೆಚ್ಚಿ ಮುಂದಕ್ಕೆ ಕಾಲಿಡಬಹುದು. ಬುರುಲ್ಚಾ ಸ್ವರವನ್ನು ಹಿಡಿದು, ತರಗತಿಯಲ್ಲಿ ಹಾಜರಿ ಕರೆಯುವ ಧಾಟಿಯಲ್ಲಿ ಕರೆದಳು.

"ಬೆರ್ಮೆತ್. ಅಲ್ಲೇ ನಿಲ್ಲು. ಅಲ್ಲಾಡಬೇಡ."

"ಎಜೆ ಬಂದ್ರಾ? ಕೆಳಗೆ ಏನೂ ಕಾಣ್ತಿಲ್ಲ ಎಜೆ, ಹಾಲು ಚೆಲ್ಲಿದ ಹಾಗಿದೆ. ಇನ್ನೊಂದು ನಾಲ್ಕು ಹೆಜ್ಜೆ ಹೋದ್ರೆ ಕಲ್ಲು ಸಿಗಬಹುದು."

"ಹೋಗಬೇಡ. ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬಾ."

"ಯಾಕೆ? ನಿಮ್ಮ ಚೀಟೀಲಿ ಸುಲಭ ಅಂತ ಇದೆಯಲ್ಲ."

"ಮಂಜು ಹೆಚ್ಚಾಗ್ತಿದೆ, ವಾಪಸ್ ಹೋಗೋಣ."

"ಮಂಜಿಗೆ ಯಾರು ಹೆದರ್ತಾರೆ! ನೀವೇ ಹೇಳ್ತೀರಲ್ಲ, ಮಂಜು ಅಂದ್ರೆ ಸೋಮಾರಿ ಮೋಡ ಅಂತ." ಹುಡುಗಿ ನಕ್ಕಳು. ನಗುತ್ತಲೇ ಕೋಲನ್ನು ಮುಂದಕ್ಕೆ ಊರಿದಳು. ಹಿಮದೊಳಗೆ ಎಲ್ಲೋ ಒಂದು ಸಣ್ಣ ಸದ್ದಾಯಿತು, ಒದ್ದೆ ಬಟ್ಟೆಯನ್ನು ಮೆಲ್ಲಗೆ ಹರಿದ ಹಾಗೆ.

ಮೆದೆರ್‌ಗೂ ಅದು ಕೇಳಿಸಿತು. ಅವನ ಮುಖ ಬಿಳಿಚಿತು. ಆದರೂ ಅವನು ಚೀಟಿಯ ಕಡೆಗೇ ನೋಡಿದ, ಇದೇನು ಹೀಗೆ ಎನ್ನುವಂತೆ.

ಬುರುಲ್ಚಾ ಬಾಯಿ ತೆರೆದಳು. ಇಪ್ಪತ್ತೊಂಬತ್ತು ವರ್ಷ ಬೀಗ ಹಾಕಿದ್ದ ಬಾಯಿ. ಈಗಲೂ, ಹುಡುಗಿ ಅಂಚಿನಲ್ಲಿ ನಿಂತಿರುವಾಗಲೂ, ಇನ್ನೊಂದು ನೆಪ ಸಿಗುತ್ತದೆಯೇ ಎಂದು ಅವಳ ಮನಸ್ಸು ಒಂದು ಕ್ಷಣ ತಡಕಿತು. ಆ ಒಂದು ಕ್ಷಣವನ್ನು ಅವಳು ಸಾಯುವತನಕ ಮರೆಯುವಂತಿರಲಿಲ್ಲ.

"ಬೆರ್ಮೆತ್, ಕೇಳು. ಆ ಚೀಟಿ ಸುಳ್ಳು. ನಾನು ಬರೆದದ್ದು ಸುಳ್ಳು."

"ಏನು?"

"ಇದು ಸಾರಿ-ಬೆಲ್ ಅಲ್ಲ. ಅವತ್ತು ನನಗೆ ಘಾಟಿ ಸಿಗಲಿಲ್ಲ. ಹೆದರಿಕೆ ಆಯ್ತು, ಇಲ್ಲೇ ಕಲ್ಲು ಒಟ್ಟಿ ಬರೆದಿಟ್ಟು ಓಡಿಹೋದೆ. ಆಚೆ ಕಡೆ ನಾನು ಇಳಿದೇ ಇಲ್ಲ. ನೀನು ನಿಂತಿರೋದು ಬೆಟ್ಟದ ಮೇಲಲ್ಲ ಮಗಳೇ, ಬರೀ ಹಿಮದ ಮೇಲೆ. ಕೆಳಗಡೆ ಗೋಡೆ ಇದೆ. ನಾನು ಕಣ್ಣಾರೆ ನೋಡಿದೀನಿ."

ಗಾಳಿ ಬೀಸುತ್ತಿತ್ತು. ಬೆರ್ಮೆತ್ ತಿರುಗಿ ನೋಡಲಿಲ್ಲ. ಅವಳ ಹೆಗಲು ಮೇಲಕ್ಕೆ ಸರಿಯಿತು, ಅಷ್ಟೇ. ಅವಳಿಗೆ ಅರ್ಥವಾಯಿತೆಂದು ಬುರುಲ್ಚಾಳಿಗೆ ತಿಳಿಯಿತು.

"ಎಜೆ," ಎಂದಳು ಹುಡುಗಿ. ಸ್ವರ ಸಣ್ಣದಾಗಿತ್ತು, ಐದು ವರ್ಷದ ಮಗುವಿನದರಂತೆ. "ನನ್ನ ಕಾಲು ಬರ್ತಿಲ್ಲ."

"ಬರತ್ತೆ. ಮೊದಲು ಮೆಲ್ಲಗೆ ಮಲಗು. ಹೊಟ್ಟೆ ಮೇಲೆ. ಚೀಲ ಬಿಚ್ಚಬೇಡ. ಹಾಂ, ಹಾಗೆ. ಈಗ ತೆವಳಿಕೊಂಡು ಹಿಂದಕ್ಕೆ ಬಾ. ನಿನ್ನದೇ ಹೆಜ್ಜೆ ಮೇಲೆ. ಮೆದೆರ್, ಹಗ್ಗ."

ಮೆದೆರ್ ಹಗ್ಗ ಎಸೆದ. ಮೊದಲ ಸಲ ತಲುಪಲಿಲ್ಲ. ಎರಡನೆಯ ಸಲ ಹುಡುಗಿಯ ಕೈಗೆ ಸಿಕ್ಕಿತು. ಅವಳು ಮಣಿಕಟ್ಟಿಗೆ ಸುತ್ತಿಕೊಂಡಳು. ಎಜೆ ಕಲಿಸಿದ ಗಂಟನ್ನು ಹಾಕಲು ಅವಳ ಬೆರಳು ಕೇಳಲಿಲ್ಲ. ಒಂದು ಮೊಳ ಬಂದಳು. ನಿಂತಳು. ಮತ್ತೆ ಒಂದು ಮೊಳ. ಬುರುಲ್ಚಾಳ ಕಣ್ಣ ಮುಂದೆ ಗೂಟಕ್ಕೆ ತೂಗಿದ ರೊಟ್ಟಿ, ಅದರ ಮೇಲೆ ಸಣ್ಣ ಹಲ್ಲಿನ ಗುರುತು. ಉಸಿರು ಬಿಟ್ಟರೆ ಹಿಮ ಒಡೆದೀತು ಎಂದು ಅವಳು ಉಸಿರನ್ನೂ ಬಿಡಲಿಲ್ಲ.

ಬೆರ್ಮೆತ್‌ಳ ಬೂಟು ಕಲ್ಲನ್ನು ತಾಗಿತು. ಮೆದೆರ್ ಅವಳ ಸೊಂಟ ಹಿಡಿದು ಎಳೆದುಕೊಂಡ. ಹುಡುಗಿ ಬಿಟ್ಟುಬಂದ ಕೋಲು ಅಲ್ಲೇ ನೆಟ್ಟಗೆ ನಿಂತಿತ್ತು. ಎಲ್ಲರೂ ನೋಡುತ್ತಿರುವಾಗಲೇ ಆ ಕೋಲು ಸ್ವಲ್ಪ ವಾಲಿತು. ಆಮೇಲೆ ಕೋಲೂ ಇಲ್ಲ, ಅದು ನಿಂತಿದ್ದ ಜಾಗವೂ ಇಲ್ಲ. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಗುಡುಗಿನಂಥ ಸದ್ದು ಬಂತು. ತಾಲಾಯ್ ಆಗಷ್ಟೇ ಏದುಸಿರು ಬಿಡುತ್ತಾ ನೆತ್ತಿ ಹತ್ತಿ ಬಂದಿದ್ದ. ತಮಾಷೆ ಮಾಡಲು ತೆರೆದ ಬಾಯಿ ತೆರೆದೇ ಉಳಿಯಿತು.

ಒಬ್ಬಳು ಹುಡುಗಿ ಅಳತೊಡಗಿದಳು. ಬೆರ್ಮೆತ್ ಅಳಲಿಲ್ಲ. ಗುಪ್ಪೆಗೆ ಒರಗಿ ಕುಳಿತು ಕೈಗವಸು ಕಚ್ಚುತ್ತಿದ್ದಳು. ಬುರುಲ್ಚಾ ಪಕ್ಕದಲ್ಲಿ ಮಂಡಿಯೂರಿ ಅವಳ ಟೋಪಿ ಸರಿಮಾಡಲು ಕೈ ಚಾಚಿದಳು. ಹುಡುಗಿ ತಲೆಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಉಳಿದವು?"

"ಏನು ಮಗಳೇ?"

"ಕಪಾಟಿನಲ್ಲಿ ಇರೋವು. ಅವೂ ಹೀಗೇನಾ?"

"ಇಲ್ಲ. ಇದೊಂದೇ. ಅವೆಲ್ಲ ನಿಜ."

ಬೆರ್ಮೆತ್ ಅವಳ ಮುಖವನ್ನೇ ನೋಡಿದಳು. ನಂಬಿದ್ದೇನೆ ಎನ್ನಲೂ ಇಲ್ಲ, ನಂಬುವುದಿಲ್ಲ ಎನ್ನಲೂ ಇಲ್ಲ. ಬುರುಲ್ಚಾಳಿಗೆ ಆ ನೋಟಕ್ಕಿಂತ ಒಂದು ಕಪಾಳಮೋಕ್ಷ ಮೇಲೆನಿಸಿತು.

"ಎಜೆ, ಇಳೀಬೇಕು," ಎಂದ ಮೆದೆರ್, ಅವಳ ಕಡೆ ನೋಡದೆ. "ಮಧ್ಯಾಹ್ನವಾದ್ರೆ ಕಲ್ಲು ಬೀಳತ್ತೆ. ಚೀಟಿ ಏನು ಮಾಡೋದು?"

ಪದ್ಧತಿಯಂತೂ ಇತ್ತಲ್ಲ. ಹಳೆಯದನ್ನು ತೆಗೆದ ಮೇಲೆ ಹೊಸದನ್ನು ಇಡಬೇಕು. ಬುರುಲ್ಚಾ ಜೇಬಿನಿಂದ ಪೆನ್ಸಿಲು ತೆಗೆದಳು. ಬೆರಳು ಮರಗಟ್ಟಿ ಅಕ್ಷರ ಸೊಟ್ಟಸೊಟ್ಟಗೆ ಬಂತು. ಇದು ಸಾರಿ-ಬೆಲ್ ಅಲ್ಲ. ಘಾಟಿ ಕರಿಬಂಡೆಯ ಬಲಕ್ಕಿದೆ. ಆಚೆ ಇಳಿಯಬೇಡಿ, ಹಿಮದ ಕೆಳಗೆ ಗೋಡೆ ಇದೆ. 1977ರಲ್ಲಿ ಇಲ್ಲಿಟ್ಟ ಚೀಟಿ ಸುಳ್ಳು, ಅದನ್ನು ಬರೆದವಳು ನಾನೇ. ಕೆಳಗೆ ಪೂರ್ತಿ ಹೆಸರು, ತಂದೆಯ ಹೆಸರು, ಶಾಲೆ. ತಂಡದವರ ಹೆಸರು ಬರೆಯುವ ಸಾಲಿಗೆ ಬಂದು ತಲೆಯೆತ್ತಿದಳು.

"ನನ್ನ ಹೆಸರು ಹಾಕಿ," ಎಂದಳು ಬೆರ್ಮೆತ್. "ನಾನು ಇಲ್ಲಿಗೆ ಬಂದಿದ್ದು ನಿಜ ತಾನೇ."

ಹಳೆಯ ಚೀಟಿಯನ್ನು ಹುಡುಗಿಯೇ ಮೆದೆರ್‌ನ ಕೈಯಿಂದ ತೆಗೆದುಕೊಂಡಳು. ನಾಲ್ಕು ಮಡಿಕೆ ಮಾಡಿ ಅಂಗಿಯೊಳಗಿನ ಜೇಬಿನಲ್ಲಿ ಇಟ್ಟುಕೊಂಡಳು. ಅದನ್ನು ಏನು ಮಾಡುತ್ತಾಳೆ, ಶಾಲೆಯಲ್ಲಿ ತೋರಿಸುತ್ತಾಳೋ, ಅಜ್ಜಿಗೆ ಹೇಳುತ್ತಾಳೋ, ಹರಿದು ಬಿಸಾಕುತ್ತಾಳೋ ಎಂದು ಬುರುಲ್ಚಾ ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲವೆಂದು ಗೊತ್ತಿತ್ತು. ಗುಪ್ಪೆಯನ್ನು ಕೆಡವಿದರು. ಮಂಜಿನಲ್ಲಿ ದೂರದಿಂದ ಯಾರಿಗೂ ಕಾಣದಂತೆ ನಾಲ್ಕೇ ಕಲ್ಲಿನ ಕೆಳಗೆ, ನೆತ್ತಿಯವರೆಗೆ ಬಂದವರಿಗೆ ಮಾತ್ರ ಸಿಗುವಂತೆ ಡಬ್ಬಿ ಇಟ್ಟರು.

ಬಂದ ದಾರಿಯಲ್ಲೇ ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟವಾಗಿತ್ತು. ಕಲ್ಲುಗಳು ಮೇಲಿನಿಂದ ಶಿಳ್ಳೆ ಹೊಡೆಯುತ್ತಾ ಪಕ್ಕದಲ್ಲೇ ಹಾಯ್ದು ಹೋಗುತ್ತಿದ್ದವು. ಈ ಸಲ ಬುರುಲ್ಚಾ ಮುಂದೆ ಇದ್ದಳು. ಮೆದೆರ್ ತಾನಾಗಿಯೇ ಹಿಂದೆ ನಿಂತಿದ್ದ. ಅದು ನಂಬಿಕೆಯೋ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ. ಮಂಡಿಯ ನೋವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಒಂದೊಂದು ಕಲ್ಲನ್ನೂ ತುಳಿದು ನೋಡಿ, ತಿರುಗಿ ಹೇಳುತ್ತಾ ಇಳಿದಳು. ಅವಳ ಹಿಂದೆ ಬೆರ್ಮೆತ್.

"ಈ ಕಲ್ಲು ಗಟ್ಟಿ ಇದೆ. ಇದರ ಮೇಲೆ ಕಾಲಿಡು."

ಹಿಂದೆಲ್ಲ ಎಜೆಯ ಬೂಟು ಎದ್ದ ಮರುಕ್ಷಣವೇ ಬೆರ್ಮೆತ್‌ಳ ಬೂಟು ಅದೇ ಕಲ್ಲಿನ ಮೇಲೆ ಬೀಳುತ್ತಿತ್ತು. ಈಗ ಬೀಳಲಿಲ್ಲ. ಹುಡುಗಿ ಬಗ್ಗಿ ಕೈಯಿಂದ ಕಲ್ಲನ್ನು ಅಲ್ಲಾಡಿಸಿದಳು. ಬೂಟಿನ ತುದಿಯಿಂದ ಎರಡು ಸಲ ಒದ್ದಳು. ಅರ್ಧ ಭಾರ ಹಾಕಿ ನೋಡಿದಳು. ಆಮೇಲೆ ಕಾಲಿಟ್ಟಳು.

ಬುರುಲ್ಚಾಳ ಕಣ್ಣು ತುಂಬಿ ಬಂತು. ಗಾಳಿಗೆ ಎಂದುಕೊಳ್ಳಬಹುದಿತ್ತು, ಅಂದುಕೊಳ್ಳಲಿಲ್ಲ. ಮುಂದಿನ ಕಲ್ಲನ್ನು ತುಳಿದು ನೋಡಿದಳು.

"ಇದೂ ಗಟ್ಟಿ ಇದೆ," ಎಂದಳು. "ಆದ್ರೂ ನೀನೇ ನೋಡ್ಕೋ."

"ನೋಡ್ತೀನಿ ಎಜೆ," ಎಂದಳು ಹುಡುಗಿ. ನೋಡಿಯೇ ಕಾಲಿಟ್ಟಳು.